ಕ್ಯಾಂಪರ್ ತಣ್ಣಗಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮುಂಚೆ ಇಷ್ಟು ನೋಡಿ

ಏಪ್ರಿಲ್ ಬಂತೆಂದರೆ ಕ್ಯಾಂಪರ್ (ಒಳಗೇ ಮಲಗಿ ಉಣ್ಣುವಂತೆ ಮನೆ ಮಾಡಿಕೊಂಡ ಗಾಡಿ) ಇಟ್ಟುಕೊಂಡವರ ದೂರು ಒಂದೇ: ಎಸಿ ಓಡುತ್ತಿದೆ, ಒಳಗೆ ಮಾತ್ರ ಸೆಕೆ ಇಳಿಯುತ್ತಿಲ್ಲ. ಅದಕ್ಕೆ ಸಿಗುವ ಉತ್ತರವೂ ಒಂದೇ: "ಗ್ಯಾಸ್ ಕಮ್ಮಿ ಆಗಿದೆ ಸಾರ್, ಟಾಪ್ ಅಪ್ ಮಾಡಿಬಿಡೋಣ." ಎಸಿಯ ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ವರ್ಷಗಟ್ಟಲೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ, ಎಲ್ಲೋ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಸೋರುವ ಜಾಗ ಹುಡುಕದೆ ತುಂಬಿಸಿದ್ದು ಮತ್ತೆ ಅದೇ ದಾರಿಯಲ್ಲಿ ಹೋಗುತ್ತದೆ. ಕ್ಯಾಂಪರ್ ತಣ್ಣಗಾಗದಿರಲು ಗ್ಯಾಸ್ ಕಾರಣವಾಗಿರುವುದು ಜನ ಅಂದುಕೊಂಡಷ್ಟು ಸಾಮಾನ್ಯವಲ್ಲ.

ಟ್ರಾವೆಲರ್, ವಿಂಗರ್ ಥರದ ಗಾಡಿಯನ್ನು ಮಂಚ, ಸಣ್ಣ ಅಡುಗೆಕಟ್ಟೆ, ಬ್ಯಾಟರಿ ಹಾಕಿ ಮನೆ ಮಾಡಿಕೊಂಡವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಚಾವಣಿ ಮೇಲಿನ ಎಸಿ, ಮನೆಯ ಸ್ಪ್ಲಿಟ್ ಎಸಿ, ಲಾರಿಗಳಿಗೆ ಹಾಕುವ 12 ಅಥವಾ 24 ವೋಲ್ಟಿನ ಪಾರ್ಕಿಂಗ್ ಎಸಿ, ಯಾವುದಿದ್ದರೂ ಹುಡುಕುವ ಕ್ರಮ ಒಂದೇ. ದೋಷ ಮೂರು ಕಡೆ ಇರಬಹುದು: ಯಂತ್ರ ಹೊರಹಾಕುವುದಕ್ಕಿಂತ ಹೆಚ್ಚು ಕಾವು ಒಳಗೆ ಬರುತ್ತಿರಬಹುದು, ಯಂತ್ರವೇ ತಂಪು ಮಾಡುತ್ತಿಲ್ಲದಿರಬಹುದು, ಅಥವಾ ಯಂತ್ರಕ್ಕೆ ಬೇಕಾದಷ್ಟು ಕರೆಂಟ್ ತಲುಪುತ್ತಿಲ್ಲದಿರಬಹುದು. ಯಾವುದು ಎಂದು ಗೊತ್ತಾಗುವ ತನಕ ಯಾವುದನ್ನೂ ಬಿಚ್ಚಬೇಡಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಎರಡು ಸಣ್ಣ ಡಿಜಿಟಲ್ ಥರ್ಮಾಮೀಟರ್, ಮಲ್ಟಿಮೀಟರ್, ಡಿಸಿ ಕರೆಂಟನ್ನೂ ಅಳೆಯುವ ಕ್ಲಾಂಪ್ ಮೀಟರ್ (ಅಗ್ಗದವು ಮನೆಯ ಕರೆಂಟನ್ನು ಮಾತ್ರ ಅಳೆಯುತ್ತವೆ, ಬ್ಯಾಟರಿ ವೈರಿಗೆ ಸಿಕ್ಕಿಸಿದರೆ ಸೊನ್ನೆ ತೋರಿಸುತ್ತವೆ), ಮತ್ತೆ ಒಂದು ಕಟ್ಟು ಊದಿನಕಡ್ಡಿ. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಕೆಲಸ ಹಗುರ. ಇಲ್ಲದಿದ್ದರೆ ಅಂಗೈ ಸಾಕು.

ಮೊದಲು ಹಗಲು-ರಾತ್ರಿ ಪರೀಕ್ಷೆ

ಒಂದೇ ಜಾಗದಲ್ಲಿ ಗಾಡಿ ನಿಲ್ಲಿಸಿ ಮಧ್ಯಾಹ್ನ 2 ಗಂಟೆಗೊಮ್ಮೆ, ರಾತ್ರಿ 10ಕ್ಕೊಮ್ಮೆ ಇದನ್ನು ಮಾಡಿ. ಎಸಿಯನ್ನು ಅತಿ ಕಡಿಮೆ ತಾಪಮಾನಕ್ಕೆ, ಬ್ಲೋವರನ್ನು ಅತಿ ಜೋರಿಗೆ ಇಟ್ಟು 20 ನಿಮಿಷ ಓಡಿಸಿ. ಇನ್ವರ್ಟರ್ ಎಸಿಯನ್ನು 26ಕ್ಕೆ ಇಟ್ಟು ಅಳೆದರೆ ಅದು ತಾನಾಗಿಯೇ ನಿಧಾನವಾಗಿರುತ್ತದೆ, ಲೆಕ್ಕ ತಪ್ಪುತ್ತದೆ. ಒಂದು ಥರ್ಮಾಮೀಟರನ್ನು ಎಸಿ ಗಾಳಿ ಎಳೆದುಕೊಳ್ಳುವ ಜಾಲರಿಯ ಬಳಿ ಹಿಡಿಯಿರಿ, ಇನ್ನೊಂದನ್ನು ತಂಪುಗಾಳಿ ಹೊರಬರುವ ಬಾಯಿಯಲ್ಲಿ.

ಎರಡರ ನಡುವೆ 8ರಿಂದ 12 ಡಿಗ್ರಿ ವ್ಯತ್ಯಾಸವಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ. ಮಂಗಳೂರು, ಕಾರವಾರದ ಕಡೆ ಗಾಳಿಯ ತೇವವನ್ನು ನೀರಾಗಿಸುವುದರಲ್ಲೇ ಯಂತ್ರದ ಶಕ್ತಿಯ ಒಂದು ಪಾಲು ಹೋಗುವುದರಿಂದ ಅಲ್ಲಿ 7 ಬಂದರೂ ತಲೆ ಕೆಡಿಸಿಕೊಳ್ಳಬೇಡಿ. ಹಗಲೂ ರಾತ್ರಿಯೂ 8ರ ಮೇಲೇ ಇದೆ, ರಾತ್ರಿ ಒಳಗೆ ಚಳಿ ಹತ್ತುತ್ತದೆ, ಮಧ್ಯಾಹ್ನ ಮಾತ್ರ ಬೇಯುತ್ತದೆ ಎಂದಾದರೆ ಎಸಿಯನ್ನು ಮುಟ್ಟಲೇಬೇಡಿ. ದೋಷ ಗಾಡಿಯ ಮೈಯಲ್ಲಿದೆ. ಎರಡೂ ಹೊತ್ತು 5ಕ್ಕಿಂತ ಕಡಿಮೆಯಿದ್ದರೆ ದೋಷ ಯಂತ್ರದಲ್ಲಿದೆ. ವ್ಯತ್ಯಾಸ ಚೆನ್ನಾಗಿದ್ದರೂ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು) ಆಗಾಗ ನಿಂತು ನಿಂತು ಓಡುತ್ತಿದ್ದರೆ ಮೊದಲು ಕರೆಂಟ್ ನೋಡಿ.

ಕಾವು ಎಲ್ಲಿಂದ ಬರುತ್ತಿದೆ

ದೂರು ತಂದವರಲ್ಲಿ ಹೆಚ್ಚಿನವರ ಸಮಸ್ಯೆ ಇಲ್ಲೇ ಇರುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ನಡುಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಹತ್ತಿರ ಹತ್ತಿರ 1000 ವಾಟ್ ಬಿಸಿಲು ಬೀಳುತ್ತದೆ. ಉದ್ದನೆಯ ಗಾಡಿಯ ಚಾವಣಿ ಸುಮಾರು 8 ಚದರ ಮೀಟರ್ ಎಂದುಕೊಂಡರೆ ಚಾವಣಿಯೊಂದರ ಮೇಲೇ 8000 ವಾಟ್. ಒಂದು ಟನ್ ಎಸಿ ಹೊರಹಾಕುವುದು 3500 ವಾಟ್. ಬಿದ್ದದ್ದೆಲ್ಲ ಒಳಗೆ ಬರುವುದಿಲ್ಲ, ಎಷ್ಟು ಬರುತ್ತದೆ ಎನ್ನುವುದು ಬಣ್ಣ ಮತ್ತು ಒಳಗಿನ ಹೊದಿಕೆಗೆ ಬಿಟ್ಟದ್ದು. ಕಡುಬಣ್ಣದ ಗಾಡಿ ಕೊಂಡು ಬರೀ ಪ್ಲೈವುಡ್ ಹೊಡೆಸಿದವರು ಎಷ್ಟು ಟನ್ ಹಾಕಿಸಿದರೂ ಬಿಸಿಲಿಗೆ ಸಾಲದು.

ಉತ್ತರದ ಚಳಿ ದೇಶಗಳವರು ಬರೆದ ಕ್ಯಾಂಪರ್ ಪುಸ್ತಕಗಳು ಕಿಟಕಿ ಮತ್ತು ಗೋಡೆಯ ಬಗ್ಗೆ ಬಹಳ ಹೇಳುತ್ತವೆ. ನಮ್ಮಲ್ಲಿ ಶತ್ರು ಚಾವಣಿ. ಏಪ್ರಿಲ್ ಕೊನೆಯ ವಾರ ಬೆಂಗಳೂರಿನಲ್ಲಿ, ಮೇ ಎರಡನೆಯ ವಾರ ಕಲಬುರಗಿಯಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ.

ಮಧ್ಯಾಹ್ನ 2ಕ್ಕೆ ಒಳಗಿನಿಂದ ಚಾವಣಿಯ ಹಲಗೆಗೆ ಅಂಗೈ ಒತ್ತಿ ನೋಡಿ, ಆಮೇಲೆ ನೆರಳಿನ ಬದಿಯ ಗೋಡೆಗೆ ಒತ್ತಿ. ಚಾವಣಿ ಕಾದ ಹಂಚಿನಂತಿದ್ದು ಗೋಡೆ ಉಗುರುಬೆಚ್ಚಗಿದ್ದರೆ ಉತ್ತರ ಸಿಕ್ಕಿತು. ಕೈಯನ್ನು ನಿಧಾನ ಉದ್ದಕ್ಕೂ ಸರಿಸುತ್ತಾ ಹೋದರೆ ಅಲ್ಲಲ್ಲಿ ಬಿಸಿಯ ಅಡ್ಡಪಟ್ಟಿಗಳು ಸಿಗಬಹುದು. ಅವು ಚಾವಣಿಯ ಕಬ್ಬಿಣದ ರಿಬ್‌ಗಳು. ರಿಬ್‌ಗಳ ನಡುವೆ ಫೋಮ್ ತುಂಬಿ, ರಿಬ್ಬಿಗೇ ನೇರ ಸ್ಕ್ರೂ ಹೊಡೆದು ಹಲಗೆ ಕೂರಿಸಿದರೆ ಕಾವು ಕಬ್ಬಿಣದ ಮೂಲಕ ಸೀದಾ ಇಳಿಯುತ್ತದೆ. ರಿಬ್ಬಿನ ಮೇಲೂ ತೆಳು ನೈಟ್ರೈಲ್ ರಬ್ಬರ್ ಹಾಳೆ ಅಂಟಿಸಿ ಆಮೇಲೆ ಹಲಗೆ ಹೊಡೆಸಬೇಕಿತ್ತು. ಈಗಲೂ ಮಾಡಿಸಬಹುದು, ಹಲಗೆ ಬಿಚ್ಚುವ ಕೂಲಿ ಮಾತ್ರ ಹೆಚ್ಚು.

ಬೆಳ್ಳಿಬಣ್ಣದ ಗುಳ್ಳೆ ಹಾಳೆಯ ಬಗ್ಗೆ ಒಂದು ಮಾತು. ಅದು ಕಾವನ್ನು ತಡೆಯುವುದು ಹೊಳೆಯುವ ಮುಖದ ಎದುರು ಒಂದಿಷ್ಟು ಖಾಲಿ ಗಾಳಿ ಇದ್ದಾಗ ಮಾತ್ರ. ತಗಡಿಗೂ ಹಲಗೆಗೂ ಮಧ್ಯೆ ಒತ್ತಿ ಅಂಟಿಸಿದರೆ ಅದು ಬರೀ ತೆಳ್ಳನೆಯ ಪ್ಲಾಸ್ಟಿಕ್. ಕ್ಯಾಂಪರ್ ಮಾಡಿಕೊಡುವವರು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆಂದು ಇದನ್ನೇ ತೋರಿಸಿ ದುಡ್ಡು ತೆಗೆದುಕೊಳ್ಳುವುದುಂಟು.

ಬಿಚ್ಚುವ ಕೆಲಸವೇ ಬೇಡ ಎನ್ನುವವರಿಗೆ ಅತಿ ಅಗ್ಗದ ಉಪಾಯ ನರ್ಸರಿಗಳಲ್ಲಿ ಕಟ್ಟುವ ಹಸಿರು ನೆಟ್. 75 ಪರ್ಸೆಂಟ್ ನೆರಳಿನದ್ದು ತಂದು ಚಾವಣಿಗಿಂತ ಒಂದಡಿ ಮೇಲೆ ಎಳೆದು ಕಟ್ಟಿ. ಚಾವಣಿಗೆ ತಾಗುವಂತೆ ಹೊದಿಸಿದರೆ ಅರ್ಧ ಪ್ರಯೋಜನ ಹೋಯಿತು, ನಡುವೆ ಗಾಳಿ ಆಡಬೇಕು. ಎಸಿಯ ಬಿಸಿಗಾಳಿ ಹೊರಡುವ ಜಾಗವನ್ನು ಬಿಟ್ಟು ಕಟ್ಟಿ. ಸೋಲಾರ್ ಪ್ಯಾನೆಲ್‌ಗೂ ಇದೇ ನ್ಯಾಯ: ನಾಲ್ಕು ಬೆರಳು ಎತ್ತರಿಸಿ ಕೂರಿಸಿದ ಪ್ಯಾನೆಲ್ ತಾನೇ ಒಂದು ಕೊಡೆ, ಚಾವಣಿಗೆ ಅಂಟಿಸಿದ ಬಾಗುವ ಪ್ಯಾನೆಲ್ ತಾನೇ ಒಂದು ಒಲೆ.

ಎರಡನೆಯ ದೊಡ್ಡ ದಾರಿ ಮುಂದಿನ ಗಾಜು. ಒಳಗಿನಿಂದ ಹೊಳೆಯುವ ಹಾಳೆ ಇಡುವುದು ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಬಿಸಿಲು ಅಷ್ಟರಲ್ಲಿ ಗಾಜು ದಾಟಿ ಆಗಿರುತ್ತದೆ. ಹೊರಗಿನಿಂದ ಬಿಳಿ ಟಾರ್ಪಾಲು ಹೊದಿಸಿ. ಹಳೆಯ ಪಂಚೆಯೂ ಆಗುತ್ತದೆ, ಬಾಗಿಲಿಗೆ ಸಿಕ್ಕಿಸಿದರೆ ಗಾಳಿಗೆ ಹಾರುವುದಿಲ್ಲ. ಡ್ರೈವರ್ ಸೀಟಿಗೂ ಹಿಂದಿನ ಕೋಣೆಗೂ ನಡುವೆ ದಪ್ಪ ಪರದೆ ಇಲ್ಲದಿದ್ದರೆ ಹಾಕಿಸಿ. ಎಂಜಿನ್ ಕವರ್ ಕ್ಯಾಬಿನ್ ಒಳಗೇ ಚಾಚಿಕೊಂಡಿರುವ ಗಾಡಿಗಳಲ್ಲಿ, ದಿನವಿಡೀ ಓಡಿಸಿ ನಿಲ್ಲಿಸಿದ ಮೇಲೆ ತುಂಬಾ ಹೊತ್ತು ಆ ಕವರಿನಿಂದ ಝಳ ಹೊಡೆಯುತ್ತದೆ. "ಸಂಜೆ ನಿಲ್ಲಿಸಿದ ಕೂಡಲೇ ಎಸಿ ಸೋಲುತ್ತದೆ, ಒಂಬತ್ತರ ಮೇಲೆ ಸರಿಹೋಗುತ್ತದೆ" ಎನ್ನುವವರು ಅಲ್ಲಿ ಕೈಯಿಟ್ಟು ನೋಡಲಿ.

ಈಗ ಊದಿನಕಡ್ಡಿ. ಎಸಿ ಆರಿಸಿ, ಚಾವಣಿ ಫ್ಯಾನಿದ್ದರೆ ಗಾಳಿ ಹೊರಗೆಸೆಯುವಂತೆ ಓಡಿಸಿ, ಕಿಟಕಿ ಮುಚ್ಚಿ. ಜಾರುಬಾಗಿಲಿನ ರಬ್ಬರು, ಪೆಡಲ್ ಬುಡ, ಗೇರ್ ಲಿವರಿನ ಬೂಟು, ನೀರಿನ ಪೈಪಿಗಾಗಿ ನೆಲದಲ್ಲಿ ಕೊರೆದ ತೂತು, ಎಲ್ಲ ಕಡೆ ಕಡ್ಡಿ ಹಿಡಿದು ಹೋಗಿ. ಹೊಗೆ ಎಲ್ಲಿ ರಪ್ಪನೆ ಪಕ್ಕಕ್ಕೆ ಬಾಗುತ್ತದೋ ಅಲ್ಲಿ ಹೊರಗಿನ ಬಿಸಿಗಾಳಿ ನುಗ್ಗುತ್ತಿದೆ. ನೆಲದ ತೂತುಗಳನ್ನು ಇವತ್ತೇ ಮುಚ್ಚಿ. ಯಾಕೆ ಇವತ್ತೇ ಎನ್ನುವುದು ಜನರೇಟರಿನ ಭಾಗದಲ್ಲಿದೆ.

ಒಳಗೇ ಹುಟ್ಟುವ ಕಾವನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಂಟೆಗೆ 150 ಗ್ರಾಂ ಗ್ಯಾಸ್ ಉರಿಸುವ ಒಲೆ ಸುಮಾರು 1900 ವಾಟ್ ಕಾವು ಬಿಡುತ್ತದೆ. ಒಂದು ಟನ್ ಎಸಿಯ ಅರ್ಧಕ್ಕಿಂತ ಹೆಚ್ಚು ಅನ್ನ-ಸಾರಿಗೇ ಹೋಯಿತು. ಮಧ್ಯಾಹ್ನದ ಅಡುಗೆ ಹೊರಗೆ ಮರದಡಿ ಮಾಡಿ. ಫ್ರಿಜ್ಜಿನ ಬೆನ್ನಿಗೆ, ಇನ್ವರ್ಟರಿಗೆ ಗಾಳಿಯಾಡಲು ಜಾಗವಿಲ್ಲದೆ ಮಂಚದಡಿ ತುರುಕಿದ್ದರೆ ಅವೂ ಕೋಣೆಯನ್ನು ಕಾಯಿಸುತ್ತಲೇ ಇರುತ್ತವೆ.

ಕೊನೆಗೆ, ಗಾಡಿ ನಿಲ್ಲಿಸಿದ ಜಾಗ. ಮೂತಿ ಪೂರ್ವಕ್ಕಿರಲಿ. ಆಗ ಉದ್ದದ ಎರಡು ಗೋಡೆಗಳು ಉತ್ತರ-ದಕ್ಷಿಣಕ್ಕೆ ಬೀಳುತ್ತವೆ, ಪಡುವಣ ಬಿಸಿಲು ಕಿರಿದಾದ ಬೆನ್ನಿಗೆ ಹೊಡೆಯುತ್ತದೆ, ಮುಂದಿನ ಗಾಜಿಗೆ ಬೆಳಗಿನ ಎಳೆಬಿಸಿಲು ಮಾತ್ರ. ನೆರಳಿಗೆ ಹೊಂಗೆಯಂಥ ಮರವಿಲ್ಲ. ತೇಗ ಬೋಳಾಗಿ ನಿಂತಿರುವ ಹೊತ್ತಿಗೆ ಹೊಂಗೆ ಹೊಸ ಎಲೆ ತುಂಬಿಕೊಂಡಿರುತ್ತದೆ. ಬೇವು, ಹುಣಸೆಯೂ ಒಳ್ಳೆಯವು. ತೆಂಗಿನ ಮರದಡಿ ನಿಲ್ಲಿಸಿದರೆ ಏನಾಗುತ್ತದೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹಂಪಿ, ಆನೆಗೊಂದಿ, ಸಣಾಪುರದ ಕಡೆ ಬಂಡೆಯ ಮಗ್ಗುಲಲ್ಲಿ ಸಂಜೆ ನೆರಳು ಸಿಗುತ್ತದೆಂದು ನಿಲ್ಲಿಸುವವರಿದ್ದಾರೆ. ಹಗಲೆಲ್ಲ ಕುಡಿದ ಬಿಸಿಲನ್ನು ಬಂಡೆ ರಾತ್ರಿ ಬಹಳ ಹೊತ್ತು ಕಕ್ಕುತ್ತಿರುತ್ತದೆ. ಅಲ್ಲಿ "ರಾತ್ರಿಯೂ ತಣ್ಣಗಾಗಲಿಲ್ಲ" ಎಂದು ಯಂತ್ರವನ್ನು ದೂರುವ ಮುಂಚೆ ಗಾಡಿಯನ್ನು ಬಯಲಿಗೆ ತಂದು ಮತ್ತೆ ಅಳೆಯಿರಿ.

ಯಂತ್ರವೇ ತಂಪು ಮಾಡುತ್ತಿಲ್ಲ

ಗಾಳಿಯೇ ಕಡಿಮೆ ಬರುತ್ತಿದೆಯೇ? ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಒಂದು ಮಣ್ಣುರಸ್ತೆ ಸಾಕು, ಮುಚ್ಚಿಹೋಗಿರುತ್ತದೆ. ಫಿಲ್ಟರ್ ಹಿಂದಿನ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಎಸಿ ಆರಿಸಿ ಬರೀ ಫ್ಯಾನ್ ಓಡಿಸಿ ಕರಗಿಸಿ. ಚಾಕುವಿನಿಂದ ಕೆರೆಯಬೇಡಿ. ಫಿಲ್ಟರ್ ತೊಳೆದು ಹಾಕಿದ ಮೇಲೂ ಮತ್ತೆ ಗಡ್ಡೆ ಕಟ್ಟಿದರೆ ಬ್ಲೋವರ್ ನಿಧಾನವಾಗಿದೆ, ಇಲ್ಲವೇ ಗ್ಯಾಸ್ ನಿಜವಾಗಿಯೂ ಕಡಿಮೆಯಿದೆ.

ಗಾಳಿ ಜೋರಾಗಿದೆ, ತಂಪಿಲ್ಲವೇ? ಹೊರಗಿನ ಕಾಯಿಲ್ ನೋಡಿ. ಸ್ಪ್ಲಿಟ್ಟಿನ ಹೊರಘಟಕವನ್ನು ಗಾಡಿಯ ಹೊಟ್ಟೆಯಡಿ ಕೂರಿಸಿದ್ದರೆ ಧೂಳು, ಕೆಸರು, ಹುಲ್ಲು ಸೇರಿ ರೆಕ್ಕೆಗಳ ನಡುವೆ ಗೋಡೆಯೇ ಎದ್ದಿರುತ್ತದೆ. ಕರೆಂಟ್ ಪೂರ್ತಿ ತೆಗೆದು, ಸಾಧಾರಣ ಪೈಪಿನ ನೀರಿನಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರುನೀರು ರೆಕ್ಕೆಗಳನ್ನು ಮಡಚಿಬಿಡುತ್ತದೆ. ಇನ್ನೊಂದು ದೋಷ ಕಣ್ಣಿಗೆ ಕಾಣುವುದಿಲ್ಲ: ಘಟಕ ಉಗುಳಿದ ಬಿಸಿಗಾಳಿ ಹತ್ತಿರದ ತಗಡಿಗೆ ಬಡಿದು ಅದರ ಬಾಯಿಗೇ ವಾಪಸ್ ಬರುವುದು. ಕಾಯಿಲ್ಲಿಗೆ ಒಳಹೋಗುವ ಗಾಳಿಯ ಬಿಸಿ ಅಳೆಯಿರಿ. ಹೊರಗೆ 40 ಇದ್ದು ಅಲ್ಲಿ 50 ತೋರಿಸಿದರೆ ಎಸಿ ಕಲಬುರಗಿಯಲ್ಲಲ್ಲ, ಬಾಯ್ಲರ್ ಕೋಣೆಯಲ್ಲಿ ದುಡಿಯುತ್ತಿದೆ.

ಚಾವಣಿ ಎಸಿಯ ವಿಶೇಷ ರೋಗ ಒಂದಿದೆ. ತಂಪುಗಾಳಿಯ ಹಾದಿಗೂ ವಾಪಸ್ ಗಾಳಿಯ ಹಾದಿಗೂ ನಡುವೆ ಒಂದು ತೆಳು ತಡೆ ಇರುತ್ತದೆ, ಗಾಡಿ ಕುಲುಕಿ ಕುಲುಕಿ ಅದು ಸಡಿಲಾಗುತ್ತದೆ. ತಂಪುಗಾಳಿ ಕೋಣೆಗೆ ಬರದೆ ಅಲ್ಲೇ ಒಳದಾರಿ ಹಿಡಿದು ಕಾಯಿಲ್ಲಿಗೆ ಮರಳುತ್ತದೆ. ಬಾಯಲ್ಲಿ ಅಳೆದರೆ ತಣ್ಣಗಿದೆ, ಜಾಲರಿಯ ಬಳಿ ಗಾಳಿ ಕೋಣೆಗಿಂತ ತಣ್ಣಗಿದೆ, ಕಂಪ್ರೆಸರ್ ಬೇಗ ಬೇಗ ನಿಲ್ಲುತ್ತದೆ, ಎರಡು ಮಾರು ದೂರದ ಮಂಚದ ಮೇಲೆ ಮಾತ್ರ ಸೆಕೆ. ಒಳಗಿನ ಮುಚ್ಚಳ ಬಿಚ್ಚಿ ಸಂದುಗಳಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿದರೆ ಮುಗಿಯಿತು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ರಿಪೇರಿ ಬೇರೊಂದಿಲ್ಲ.

ಕಂಪ್ರೆಸರ್ "ಗುಂಯ್" ಎಂದು ಕೆಲವು ಕ್ಷಣ ನರಳಿ ಟಕ್ಕೆಂದು ನಿಂತರೆ ಕೆಪಾಸಿಟರ್ (ಕಂಪ್ರೆಸರ್ ಹೊರಡಲು ಕಸುವು ಕೊಡುವ ಸಣ್ಣ ಡಬ್ಬಿ) ಕೆಟ್ಟಿದೆ, ಅಥವಾ ವೋಲ್ಟೇಜ್ ಕಡಿಮೆಯಿದೆ. ಕೆಪಾಸಿಟರಿನ ತಲೆ ಉಬ್ಬಿದ್ದರೆ ಬದಲಿಸಬೇಕು. ಕರೆಂಟ್ ತೆಗೆದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ಇರುತ್ತದೆ, ಎಲೆಕ್ಟ್ರಿಷಿಯನ್ನೇ ಮುಟ್ಟಲಿ.

ಎಂಜಿನ್ನಿನಿಂದ ಓಡುವ ಗಾಡಿಯ ಸ್ವಂತ ಎಸಿ ರಸ್ತೆಯಲ್ಲಿ ತಂಪಾಗಿದ್ದು ಸಿಗ್ನಲ್ಲಿನಲ್ಲಿ ಬಿಸಿಗಾಳಿ ಬೀಸಿದರೆ ಮುಂದಿನ ಕಂಡೆನ್ಸರಿನ (ಕಾವು ಹೊರಹಾಕುವ ಕಾಯಿಲ್) ಫ್ಯಾನ್ ಓಡುತ್ತಿಲ್ಲ.

ಈಗ ಗ್ಯಾಸ್. ಮನೆಯ ಸ್ಪ್ಲಿಟ್ ಎಸಿ ಗೋಡೆಯ ಮೇಲೆ ಅಲ್ಲಾಡದೆ ಕೂರಲೆಂದು ಮಾಡಿದ್ದು. ಅದನ್ನು ಗಾಡಿಗೆ ಹಾಕಿದರೆ ತಾಮ್ರದ ಪೈಪಿನ ನಟ್ಟುಗಳು ರೋಡ್ ಹಂಪುಗಳಿಗೆ ಸಡಿಲಗೊಳ್ಳುತ್ತವೆ. ನಟ್ಟಿನ ಬುಡದಲ್ಲಿ ಎಣ್ಣೆಯ ಜಿಡ್ಡು, ಅದಕ್ಕಂಟಿದ ಧೂಳು ಕಂಡರೆ ಸೋರಿಕೆ ಖಚಿತ. ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಿ. ಕರಾವಳಿಯಲ್ಲಾದರೆ ಇನ್ನೊಂದು ಸುಳಿವು: ಸರಿಯಾದ ಎಸಿಯ ಡ್ರೈನ್ ಪೈಪಿನಿಂದ ನೀರು ತೊಟ್ಟಿಕ್ಕುತ್ತಲೇ ಇರಬೇಕು. ಅರ್ಧ ಗಂಟೆ ಓಡಿದರೂ ಹನಿಯಿಲ್ಲ ಎಂದರೆ ಕಾಯಿಲ್ ತಣ್ಣಗಾಗುತ್ತಿಲ್ಲ. ತುಂಬಿಸುವಾಗ ಸೋರಿಕೆ ಮುಚ್ಚಿ, ವ್ಯಾಕ್ಯೂಮ್ ಎಳೆದು (ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ತೆಗೆದು), ಘಟಕದ ಪಟ್ಟಿಯಲ್ಲಿ ಬರೆದಷ್ಟೇ ಗ್ರಾಂ ತೂಕದ ಯಂತ್ರದಲ್ಲಿಟ್ಟು ಹಾಕಬೇಕು. ಪೈಪ್ ಮುಟ್ಟಿ "ಸಾಕು" ಎನ್ನುವವರ ಕೈಗೆ ಕೊಡಬೇಡಿ. ಈಗಿನ ಹಲವು ಎಸಿಗಳಲ್ಲಿರುವ ಆರ್32 ಗ್ಯಾಸಿಗೆ ಬೆಂಕಿ ಹಿಡಿಯುವ ಗುಣ ಸ್ವಲ್ಪ ಇದೆ. ಬಾಗಿಲು ಕಿಟಕಿ ತೆರೆದಿಟ್ಟೇ ಕೆಲಸ ಮಾಡಿಸಿ, ಒಲೆ ಹಚ್ಚಬೇಡಿ.

ಕರೆಂಟ್ ತಲುಪುತ್ತಿಲ್ಲ

ಹೋಮ್‌ಸ್ಟೇ ಅಂಗಳದಲ್ಲಿ ವೈರೆಳೆದು ಎಸಿ ಹಾಕುವವರು ಮೊದಲು ಗೋಡೆಯ ಪ್ಲಗ್ಗಿನಲ್ಲಿ, ಆಮೇಲೆ ಎಸಿಯ ಬಳಿ, ಎಸಿ ಓಡುತ್ತಿರುವಾಗಲೇ ವೋಲ್ಟೇಜ್ ಅಳೆಯಬೇಕು. 230 ಇರಬೇಕಾದಲ್ಲಿ ಹಳ್ಳಿಯ ಲೈನಿನ ಕೊನೆಯಲ್ಲಿ ಸಂಜೆ 190 ಸಿಗುವುದು ಹೊಸದಲ್ಲ. ಅದಕ್ಕೆ 30 ಮೀಟರಿನ 1.5 ಸ್ಕ್ವೇರ್ ಎಂಎಂ ವೈರ್ ಸೇರಿಸಿ. ಹಳೆಯ ಮಾದರಿಯ ಕಂಪ್ರೆಸರ್ ಹೊರಡುವ ಕ್ಷಣದಲ್ಲಿ 25 ಆಂಪಿಯರ್ ಎಳೆದರೆ ಇನ್ನೂ 18 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಕಂಪ್ರೆಸರ್ ಏಳುವುದಿಲ್ಲ, ಪದೇಪದೇ ಪ್ರಯತ್ನಿಸಿದರೆ ಸುಡುತ್ತದೆ. 2.5 ಅಥವಾ 4 ಎಂಎಂ ವೈರ್, 16 ಆಂಪಿಯರ್ ಪ್ಲಗ್, ಸ್ಟೆಬಿಲೈಸರ್ ಬೇಕು. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ್ದಲ್ಲೇ ಬಿಟ್ಟರೆ ಕಾದು ಕರಗುತ್ತದೆ.

ಬ್ಯಾಟರಿಯ ಮೇಲೆ ಓಡುವ 12 ವೋಲ್ಟಿನ ಎಸಿಯಲ್ಲಿ ದೋಷ ಬಹುತೇಕ ವೈರಿನದ್ದೇ. ಎಸಿ 60 ಆಂಪಿಯರ್ ಎಳೆಯುತ್ತದೆ, ಬ್ಯಾಟರಿ 5 ಮೀಟರ್ ದೂರವಿದೆ ಎಂದುಕೊಳ್ಳಿ. ಹೋಗಿ ಬರುವ 10 ಮೀಟರಿನಲ್ಲಿ 10 ಸ್ಕ್ವೇರ್ ಎಂಎಂ ವೈರ್ 1.1 ವೋಲ್ಟ್ ತಿನ್ನುತ್ತದೆ, 35ರದ್ದು 0.3 ಮಾತ್ರ. ಬ್ಯಾಟರಿಯಲ್ಲಿ 12.6 ಇದ್ದರೂ ಎಸಿಗೆ ಕಾಣುವುದು 11.5, ಅದು "ಬ್ಯಾಟರಿ ಮುಗಿಯಿತು" ಎಂದು ನಿಂತುಬಿಡುತ್ತದೆ. ಓಡುತ್ತಿರುವಾಗ ಪ್ರತಿ ಲಗ್ (ವೈರಿನ ತುದಿಯ ಲೋಹದ ಬಳೆ), ಫ್ಯೂಸ್, ಸ್ವಿಚ್ಚಿನ ಬಿಸಿ ನೋಡಿ. ಉಳಿದವಕ್ಕಿಂತ ಹೆಚ್ಚು ಬಿಸಿಯಾದ ಕೀಲೇ ಕಳ್ಳ. ಅಳತೆಗಳು ಸರಿಯಿದ್ದೂ ನಡುಮಧ್ಯಾಹ್ನ ಮಾತ್ರ ಆಫ್ ಆದರೆ ಇನ್ವರ್ಟರ್ ಅಥವಾ ಲಿಥಿಯಂ ಬ್ಯಾಟರಿ ತಾನೇ ಕಾದು ರಕ್ಷಣೆಗಾಗಿ ನಿಂತಿದೆ. ಅದಕ್ಕೆ ಗಾಳಿ ಕೊಡಿ.

ಎಷ್ಟೋ ಸಲ ದೋಷವೇ ಇರುವುದಿಲ್ಲ, ಲೆಕ್ಕ ತಪ್ಪಿರುತ್ತದೆ. 12.8 ವೋಲ್ಟ್, 200 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿಯಲ್ಲಿರುವುದು ಎರಡೂವರೆ ಯೂನಿಟ್. 600 ವಾಟ್ ಎಸಿಗೆ ನಾಲ್ಕು ಗಂಟೆ. ಅಷ್ಟೇ ಎಎಚ್‌ನ ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗಿಳಿಸಬಾರದು, ಎರಡು ಗಂಟೆ. ಕಾದ ಸೋಲಾರ್ ಪ್ಯಾನೆಲ್ 65 ಡಿಗ್ರಿಗೆ ಏರಿದಾಗ ಪಟ್ಟಿಯಲ್ಲಿ ಬರೆದದ್ದಕ್ಕಿಂತ ಸುಮಾರು 15 ಪರ್ಸೆಂಟ್ ಕಡಿಮೆ ಕೊಡುತ್ತದೆ. 400 ವಾಟ್ ಪ್ಯಾನೆಲ್ಲಿನಿಂದ ಇಡೀ ರಾತ್ರಿ ಎಸಿ ಓಡಿಸುತ್ತೇವೆಂದು ಮಾರುವವರ ಮಾತು ನಂಬಬೇಡಿ.

ಎಸಿಯಿಲ್ಲದ ಗಾಡಿ: ಕೂಲರ್ ಯಾಕೆ ಕೈಕೊಡುತ್ತದೆ

ಅದೇ ಕೂಲರ್ ರಾಯಚೂರಿನಲ್ಲಿ ಸುಖ ಕೊಟ್ಟು ಉಡುಪಿಯಲ್ಲಿ ಹಿಂಸೆ ಕೊಟ್ಟರೆ ಕೂಲರಿನ ತಪ್ಪಲ್ಲ. 40 ಡಿಗ್ರಿ, 20 ಪರ್ಸೆಂಟ್ ತೇವದ ಗಾಳಿಯನ್ನು ಒಳ್ಳೆಯ ಪ್ಯಾಡ್ 26ರವರೆಗೂ ಇಳಿಸಬಲ್ಲದು. 34 ಡಿಗ್ರಿ, 75 ಪರ್ಸೆಂಟ್ ತೇವದ ಕಡಲಗಾಳಿಯನ್ನು ಇಳಿಸುವುದು ಮೂರು ಡಿಗ್ರಿ, ಜತೆಗೆ ಹಾಸಿಗೆಯೆಲ್ಲ ಜಿನುಗು. ಕರಾವಳಿಗೆ ಹೋಗುವಾಗ ಪ್ಯಾಡ್ ಒಣಗಿಸಿ ಬರೀ ಫ್ಯಾನ್ ಓಡಿಸಿ.

ಒಣನಾಡಿನಲ್ಲೂ ತಂಪಾಗದಿದ್ದರೆ ನೀವು ಕಿಟಕಿ ಮುಚ್ಚಿದ್ದೀರಿ. ಎಸಿಗೆ ಮುಚ್ಚಬೇಕು, ಕೂಲರಿಗೆ ತೆರೆಯಬೇಕು. ಒದ್ದೆ ಗಾಳಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಒಳಗೆ ಉಡುಪಿ ಹುಟ್ಟುತ್ತದೆ. ಚಾವಣಿ ಫ್ಯಾನ್ ಇದ್ದವರು ಅದನ್ನು ಹೊರಗೆಸೆಯುವಂತೆ ತಿರುಗಿಸಿ, ನೆರಳಿನ ಬದಿಯ ಒಂದೇ ಕಿಟಕಿಯನ್ನು, ಮಲಗುವ ಜಾಗದ ಹತ್ತಿರದ್ದನ್ನು, ನಾಲ್ಕು ಬೆರಳು ತೆರೆಯಿರಿ. ಎಲ್ಲ ಕಿಟಕಿ ತೆರೆದರೆ ಗಾಳಿ ಫ್ಯಾನಿಗೆ ಹತ್ತಿರದ ಕಿಟಕಿಯಿಂದಲೇ ಬಂದು ಅಲ್ಲೇ ಹೋಗುತ್ತದೆ, ಮೈಮೇಲೆ ಸುಳಿಯುವುದಿಲ್ಲ.

ಜನರೇಟರ್, ಮತ್ತು ತಲೆನೋವು

ಎಸಿಗಾಗಿ ಜನರೇಟರ್ ಅಥವಾ ಎಂಜಿನ್ ಓಡಿಸಿಟ್ಟು ಮಲಗುವುದು ಸಾವಿನ ದಾರಿ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರ ಬಳಿ ರಸ್ತೆಬದಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಸೇರಿದ್ದು ತನಿಖೆಯಲ್ಲಿ ಕಂಡುಬಂತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಊದಿನಕಡ್ಡಿ ತೋರಿಸಿದ ನೆಲದ ತೂತು ಅದಕ್ಕೂ ಬಾಗಿಲೇ. ಜನರೇಟರನ್ನು ಗಾಡಿಯಿಂದ ದೂರ, ಗಾಳಿ ಹೊಗೆಯನ್ನು ಗಾಡಿಯಿಂದ ಆಚೆಗೇ ಒಯ್ಯುವ ಬದಿಯಲ್ಲಿ, ಹೊಗೆಕೊಳವೆ ಆಚೆ ಮುಖ ಮಾಡುವಂತೆ ಇಡಿ. ಮಂಚದ ಮಟ್ಟದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಜನರೇಟರನ್ನು ಹಚ್ಚಲೇಬೇಡಿ.

ತಲೆನೋವು, ವಾಕರಿಕೆ, ಸುಸ್ತು ಸೆಕೆಯಿಂದಲೂ ಬರುತ್ತವೆ, ಈ ಅನಿಲದಿಂದಲೂ ಬರುತ್ತವೆ. ಒಳಗಿದ್ದ ಎಲ್ಲರಿಗೂ ಒಟ್ಟಿಗೇ ಶುರುವಾಯಿತು, ಮೈ ಬಿಸಿಯಿಲ್ಲ, ಹೊರಗೆ ಬಂದರೆ ಕಡಿಮೆಯಾಗುತ್ತದೆ ಎಂದರೆ ಅನಿಲದ ಅನುಮಾನ ಮೊದಲು. ಒಬ್ಬರ ಮೈ ಕೆಂಡದಂತಿದೆ, ಮಾತು ತಡವರಿಸುತ್ತಿದೆ, ಗೊಂದಲ ಕಾಣುತ್ತಿದೆ ಎಂದರೆ ಬಿಸಿಲಾಘಾತ. ಯಾವುದೆಂದು ನಿಂತು ಯೋಚಿಸುವ ಮುಂಚೆ ಎಲ್ಲರನ್ನೂ ಬಯಲಿಗೆ, ನೆರಳಿಗೆ ತನ್ನಿ. 108ಕ್ಕೆ ಫೋನ್ ಮಾಡಿ, ಅನಿಲದ ಅನುಮಾನವಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಬಿಸಿಲಾಘಾತದವರ ಮೈಗೆ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.